ನಾಯಿಮರಿಗೆ ಹೊರಲೋಕದ ರೂಢಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ತಿಂಗಳ ಮರಿಯನ್ನು ಮನೆಗೆ ತಂದವರು ಮೊದಲ ವಾರದಲ್ಲಿ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಊಟ, ಉಚ್ಚೆ ಮತ್ತು ನಿದ್ದೆಗೆ ಸಂಬಂಧಿಸಿರುತ್ತವೆ. ಅವು ತಡವಾದರೂ ಸರಿಪಡಿಸಿಕೊಳ್ಳಬಹುದಾದ ಸಂಗತಿಗಳು. ಜನ, ಸದ್ದು, ವಾಹನ, ಬೇರೆ ಪ್ರಾಣಿಗಳ ನಡುವೆ ಹೆದರದೆ ಇರುವುದನ್ನು ಕಲಿಸುವ ಕೆಲಸಕ್ಕೆ ಮಾತ್ರ ಒಂದು ಅವಧಿಯಿದೆ, ಮತ್ತು ಅದು ನಾವು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತದೆ. ಕೆಳಗಿನ ಉತ್ತರಗಳನ್ನು ಮುಖ್ಯವಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಮರಿ ಸಾಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದೆ. ಹಳ್ಳಿಯವರಿಗೂ ತೋಟದ ಮನೆಯವರಿಗೂ ಬೇರೆ ಮಾತು ಹೇಳಬೇಕಾದಲ್ಲಿ ಹೇಳಿದೆ.

ರೂಢಿ ಮಾಡಿಸುವುದು ಎಂದರೆ ಮರಿಯನ್ನು ಎಲ್ಲರ ಕೈಗೂ ಕೊಡುವುದೇ?

ಅಲ್ಲ. ಬಹಳ ಮಂದಿ ಹಾಗೆಂದೇ ತಿಳಿದು, ಮರಿ ಬಂದ ದಿನವೇ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ಕೈಯಿಂದ ಕೈಗೆ ದಾಟಿಸುತ್ತಾರೆ. ಮರಿ ಆಗ ಮಿಸುಕಾಡದೆ ಇರುತ್ತದೆ. ಅದನ್ನು ನಾವು ಒಪ್ಪಿಗೆ ಎಂದು ಎಣಿಸುತ್ತೇವೆ. ಹೊಸದೊಂದನ್ನು ಮರಿ ತನಗೆ ಧೈರ್ಯವಿರುವಷ್ಟು ದೂರದಿಂದ ನೋಡಿ, ಕೇಳಿ, ಮೂಸಿ, ಅದರಿಂದ ತನಗೇನೂ ಕೆಡುಕಾಗಲಿಲ್ಲ ಎಂಬುದನ್ನು ತಾನೇ ಕಂಡುಕೊಳ್ಳುವಂತೆ ಮಾಡುವುದು ಈ ಕೆಲಸದ ತಿರುಳು. ಮುಟ್ಟಿಸಲೇಬೇಕೆಂದಿಲ್ಲ, ಮಾತನಾಡಿಸಲೇಬೇಕೆಂದಿಲ್ಲ. ಗ್ಯಾಸ್ ಸಿಲಿಂಡರ್ ತಂದವರನ್ನು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಮಲಗಿಬಿಡುವ ನಾಯಿ, ಬಂದವರ ಮೇಲೆಲ್ಲ ಹಾರಿ ಮುಖ ನೆಕ್ಕುವ ನಾಯಿಗಿಂತ ಚೆನ್ನಾಗಿ ಬೆಳೆದದ್ದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ತಕ್ಕ ವಯಸ್ಸು ಯಾವುದು?

ಮೂರನೆಯ ವಾರದಿಂದ ಹನ್ನೆರಡು ಅಥವಾ ಹದಿನಾಲ್ಕನೆಯ ವಾರದವರೆಗೆ. ಮರಿಯ ಕಣ್ಣು ಎರಡನೆಯ ವಾರದಲ್ಲಿ ತೆರೆಯುತ್ತದೆ, ಕಿವಿ ಅದರ ಹಿಂದೆಯೇ ತೆರೆದುಕೊಳ್ಳುತ್ತದೆ. ಅಲ್ಲಿಂದ ಮುಂದಿನ ಎರಡೂವರೆ ತಿಂಗಳಲ್ಲಿ ಕಂಡದ್ದು, ಕೇಳಿದ್ದು, ಮೂಸಿದ್ದು ಮರಿಯ ಪಾಲಿಗೆ ಲೋಕದ ಸಹಜ ಭಾಗವಾಗುತ್ತದೆ. ಆಮೇಲೆ ಮೊದಲ ಬಾರಿಗೆ ಎದುರಾದದ್ದರ ಬಗ್ಗೆ ಅನುಮಾನವೇ ಮುಂದಾಗುತ್ತದೆ.

ಈ ಮಾತಿಗೆ ಆಧಾರವಾದ ಹಳೆಯ ಪ್ರಯೋಗವೊಂದಿದೆ. ಅಮೆರಿಕದಲ್ಲಿ ನಡೆದು 1961ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮರಿಗಳನ್ನು ತಾಯಿಯೊಡನೆ ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರ ಸಂಪರ್ಕವಿಲ್ಲದೆ ಬೆಳೆಸಿ, ಕೆಲವನ್ನು 2, 3, 5, 7 ಮತ್ತು 9 ವಾರಗಳ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಒಳಗೆ ತಂದು ಜನರೊಡನೆ ಒಡನಾಡಿಸಿದರು. ಏಳನೆಯ ವಾರದ ಸುಮಾರಿಗೆ ಒಳಗೆ ಬಂದ ಮರಿಗಳು ಬೇಗ ಹೊಂದಿಕೊಂಡವು. ಹದಿನಾಲ್ಕು ವಾರ ತುಂಬುವವರೆಗೆ ಮನುಷ್ಯರ ಒಡನಾಟವೇ ಇಲ್ಲದೆ ಉಳಿದ ಮರಿಗಳು ಮಾತ್ರ ಕಾಡುಪ್ರಾಣಿಗಳಂತೆ ನಡೆದುಕೊಂಡವು; ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಅವು ಸರಿಯಾಗಿ ಪಳಗಲಿಲ್ಲ.

ನಮ್ಮ ದೇಶದಲ್ಲಿ 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ತಾಯಿ ಮತ್ತು ಒಡಹುಟ್ಟುಗಳೊಂದಿಗೆ ಆಟವಾಡಿ ಕಚ್ಚುವ ಮಿತಿಯನ್ನು ಕಲಿಯುವುದು ಅಷ್ಟರೊಳಗೇ ಆದ್ದರಿಂದ ಈ ನಿಯಮ ಸರಿಯಾಗಿಯೇ ಇದೆ. ಆದರೆ ಅದರ ಅರ್ಥ, ಅಮೂಲ್ಯ ಅವಧಿಯ ಸುಮಾರು ಅರ್ಧಭಾಗ ನಿಮ್ಮ ಕೈಗೆ ಬರುವ ಮೊದಲೇ ಕಳೆದಿರುತ್ತದೆ ಎಂದು. ಆದುದರಿಂದ ಮಾರುವವರನ್ನು ಬೆಲೆ ಮತ್ತು ವಂಶದ ಕಾಗದಗಳ ಬಗ್ಗೆ ವಿಚಾರಿಸುವುದಕ್ಕೆ ಮೊದಲು, ಮರಿಗಳನ್ನು ಮನೆಯೊಳಗೆ ಬೆಳೆಸಿದ್ದೀರಾ, ಹಿತ್ತಲಿನ ಕತ್ತಲೆ ಶೆಡ್ಡಿನಲ್ಲಿಯೇ ಎಂದು ಕೇಳಿ. ಸಾಧ್ಯವಾದರೆ ಹೋಗಿ ನೋಡಿ.

ಲಸಿಕೆ ಮುಗಿಯುವವರೆಗೆ ಹೊರಗೆ ಕರೆದೊಯ್ಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾದರೆ ಏನು ಮಾಡುವುದು?

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪ್ರಶ್ನೆ ಇದೇ, ಮತ್ತು ಡಾಕ್ಟರು ಹಾಗೆ ಹೇಳುವುದಕ್ಕೆ ಬಲವಾದ ಕಾರಣವಿದೆ. ಮರಿಗಳಿಗೆ ವಾಂತಿಭೇದಿ ತಂದು ಜೀವವನ್ನೇ ತೆಗೆಯಬಲ್ಲ ಪಾರ್ವೋ ವೈರಸ್, ಸೋಂಕಿತ ನಾಯಿಯ ಮಲದಿಂದ ಮಣ್ಣಿಗೆ ಸೇರಿ ತಿಂಗಳುಗಟ್ಟಲೆ, ಅನುಕೂಲ ಪರಿಸ್ಥಿತಿಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಮನೆಯಲ್ಲಿ ಬಳಸುವ ಬಹುತೇಕ ನೆಲ ಒರೆಸುವ ದ್ರಾವಣಗಳಿಗೆ ಅದು ಜಗ್ಗುವುದಿಲ್ಲ. ಡಿಸ್ಟೆಂಪರ್ ಎಂಬ ಇನ್ನೊಂದು ಮಾರಕ ವೈರಸ್ ಕಾಯಿಲೆಯೂ ನಮ್ಮ ಬೀದಿಗಳಲ್ಲಿ ಇದೆ. ಮರಿಗೆ ಆರರಿಂದ ಎಂಟನೆಯ ವಾರದಲ್ಲಿ ಲಸಿಕೆ ಆರಂಭಿಸಿ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುತ್ತ ಹದಿನಾರನೆಯ ವಾರದವರೆಗೆ ಮುಂದುವರಿಸುವುದಕ್ಕೆ ಕಾರಣ, ತಾಯಿಯಿಂದ ಬಂದ ರಕ್ಷಣೆಯ ಅಂಶ ಇನ್ನೂ ರಕ್ತದಲ್ಲಿರುವಾಗ ಲಸಿಕೆ ಪೂರ್ತಿಯಾಗಿ ಹಿಡಿಯದಿರಬಹುದು ಎಂಬುದು.

ತೊಡಕು ಇರುವುದು ಲೆಕ್ಕದಲ್ಲಿ. ಲಸಿಕೆ ಮುಗಿಯುವುದು ಹದಿನಾರನೆಯ ವಾರಕ್ಕೆ, ರೂಢಿಯ ಅವಧಿ ಮುಗಿಯುವುದು ಹದಿನಾಲ್ಕನೆಯ ವಾರಕ್ಕೆ. ನಾಲ್ಕು ಗೋಡೆಗಳ ನಡುವೆ ಹದಿನಾರು ವಾರ ಕಾದವರಿಗೆ ಆರೋಗ್ಯವಾದ, ಆದರೆ ಆಟೋ ಕಂಡರೆ ನಡುಗುವ ನಾಯಿ ಸಿಗುತ್ತದೆ. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2008ರಲ್ಲಿಯೇ ಈ ವಿಷಯದಲ್ಲಿ ನಿಲುವನ್ನು ಪ್ರಕಟಿಸಿ, ಮೊದಲ ಲಸಿಕೆ ಮತ್ತು ಜಂತುಹುಳು ಔಷಧಿ ಆಗಿ ಏಳು ದಿನ ಕಳೆದ ಮರಿಗಳನ್ನು, ಏಳೆಂಟು ವಾರದ ವಯಸ್ಸಿನಿಂದಲೇ, ಶುಚಿಯಾದ ಜಾಗದಲ್ಲಿ ನಡೆಯುವ ಮರಿಗಳ ತರಗತಿಗೆ ಕರೆತರಬಹುದು ಎಂದು ಹೇಳಿದೆ. ಅಲ್ಲಿಯ ತರಗತಿಗಳ ಶುಚಿತ್ವ ಬೇರೆ, ನಮ್ಮ ಬೀದಿಗಳ ಸ್ಥಿತಿ ಬೇರೆ ಎಂಬುದು ನಿಜ. ಆದ್ದರಿಂದ ನಮ್ಮಲ್ಲಿ ಪಾಲಿಸಬೇಕಾದ ಸೂತ್ರ ಇಷ್ಟು: ಮರಿ ಹೊರಗೆ ಹೋಗಲಿ, ಅದರ ಕಾಲು ಮಾತ್ರ ಬೀದಿಯ ನೆಲಕ್ಕೆ ತಾಗದಿರಲಿ.

ಹೆಗಲಿಗೆ ಹಾಕಿಕೊಳ್ಳುವ ಗಟ್ಟಿ ಬಟ್ಟೆಯ ಚೀಲವೊಂದರ ತಳಕ್ಕೆ ಹಳೆಯ ಟವೆಲ್ ಹಾಸಿ ಮರಿಯನ್ನು ಕೂರಿಸಿಕೊಂಡರೆ ಹಾಲಿನ ಬೂತಿನವರೆಗೆ, ಬಸ್ ನಿಲ್ದಾಣದವರೆಗೆ, ದೇವಸ್ಥಾನದ ಹೊರಗಿನ ಹೂವಿನಂಗಡಿಯವರೆಗೆ ಹೋಗಿಬರಬಹುದು. ಕಾರಿನ ಹಿಂದಿನ ಸೀಟಿನಲ್ಲಿ ಕಿಟಕಿಯನ್ನು ಸ್ವಲ್ಪ ಇಳಿಸಿ ಕೂತು ಸಂತೆಯನ್ನು ನೋಡಬಹುದು. ಲಸಿಕೆ ಪೂರ್ತಿಯಾಗಿರುವ, ಆರೋಗ್ಯವಾದ ನಾಯಿಯಿರುವ ನೆಂಟರ ಮನೆಯೊಳಗೆ ಮರಿಯನ್ನು ನೆಲಕ್ಕೂ ಬಿಡಬಹುದು. ಬಿಡಬಾರದ ಜಾಗಗಳು ಪಾರ್ಕಿನ ಹುಲ್ಲು, ಕಸದ ಮೂಲೆ, ಬೀದಿನಾಯಿಗಳು ಉಚ್ಚೆ ಹೊಯ್ಯುವ ಲೈಟುಕಂಬ ಮತ್ತು ಪಶು ಆಸ್ಪತ್ರೆಯ ನೆಲ. ಕಾಯಿಲೆಯ ನಾಯಿಗಳೆಲ್ಲ ಬರುವ ಆಸ್ಪತ್ರೆಯಲ್ಲಿ ಮರಿಯನ್ನು ತೊಡೆಯ ಮೇಲೆಯೇ ಇಟ್ಟುಕೊಳ್ಳಿ. ನಿಮ್ಮ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಡುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಚೆನ್ನಾಗಿಯೇ ಉಪಯೋಗಕ್ಕೆ ಬರುತ್ತದೆ. ನಿಮ್ಮ ಬಡಾವಣೆಯಲ್ಲಿ ಈಗ ಪಾರ್ವೋ ಹರಡಿದೆ ಎಂದು ಡಾಕ್ಟರು ಹೇಳಿದರೆ ಅವರ ಮಾತೇ ಅಂತಿಮ.

ಮರಿಗೆ ಏನೇನನ್ನು ತೋರಿಸಬೇಕು?

ಹೊರದೇಶದ ಪಟ್ಟಿಗಳಲ್ಲಿ ಹಿಮ, ಸ್ಕೇಟ್‌ಬೋರ್ಡು, ಗಡ್ಡದ ಅಂಚೆಯವ ಎಂದೆಲ್ಲ ಇರುತ್ತದೆ. ನಮ್ಮ ಮರಿ ಬದುಕಬೇಕಾದದ್ದು ನಮ್ಮ ಬೀದಿಯಲ್ಲಿ. ಹೆಲ್ಮೆಟ್ ಹಾಕಿದ ಮುಖ, ಮಳೆಗಾಲದ ಪ್ಲಾಸ್ಟಿಕ್ ಕೋಟು, ಕೊಡೆ ಫಟ್ಟೆಂದು ಬಿಚ್ಚುವುದು, ಅಜ್ಜನ ಊರುಗೋಲು, ಪಂಚೆ, ಬುರ್ಖಾ, ರುಮಾಲು, ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು, ಶಾಲೆಯ ಸಮವಸ್ತ್ರದ ಮಕ್ಕಳ ಗುಂಪು. ಬುಲೆಟ್ ಬೈಕು, ಕಸದ ಗಾಡಿಯ ಹಾಡು, ತಳ್ಳುಗಾಡಿಯವರ ಕೂಗು, ರಾತ್ರಿ ಕಾವಲಿನವರ ಸೀಟಿ, ಕರೆಂಟು ಹೋದಾಗ ಹೊರಡುವ ಜನರೇಟರ್. ಹಸು, ಬೆಕ್ಕು, ಕೋಳಿ, ಮಲೆನಾಡಿನ ಕಡೆಯಾದರೆ ಮಂಗ. ಪಾದದ ಕೆಳಗೂ ಹೊಸತು ಬೇಕು: ನುಣುಪಾದ ಟೈಲ್ಸು, ಒದ್ದೆ ಅಂಗಳ, ಮೆಟ್ಟಿಲು, ಒಣ ಎಲೆ, ಜಾಲರಿ ಮುಚ್ಚಳದ ಚರಂಡಿ. ಮರಿ ನೆಲ ಮುಟ್ಟುವಂತಿಲ್ಲದ ದಿನಗಳಲ್ಲಿ ಇವುಗಳಲ್ಲಿ ಕೆಲವನ್ನು ತಾರಸಿಯ ಮೇಲೆಯೇ ಒದಗಿಸಬಹುದು.

ಮನೆಯಲ್ಲಿ ಹೆಂಗಸರೇ ಇದ್ದರೆ ಗಂಡಸರನ್ನೂ, ಹಿರಿಯರೇ ಇದ್ದರೆ ಮಕ್ಕಳನ್ನೂ ಬೇಕೆಂದೇ ಕರೆಸಿ ತೋರಿಸಿ. ಮರಿಗೆ ಕೊರತೆಯಾಗುವುದು ಸಾಮಾನ್ಯವಾಗಿ ಮನೆಯಲ್ಲಿ ಇಲ್ಲದವರದ್ದೇ.

ದಿನಕ್ಕೆ ಎಷ್ಟು ಹೊತ್ತು?

ಹತ್ತು ಹದಿನೈದು ನಿಮಿಷದ ಒಂದೆರಡು ಸುತ್ತು ಸಾಕು. ಎರಡು ತಿಂಗಳ ಮರಿ ದಿನದ ಬಹುಭಾಗ ನಿದ್ದೆ ಮಾಡಬೇಕು. ನಿದ್ದೆಗೆಟ್ಟ ಮರಿಗೆ ಎಲ್ಲವೂ ಭಯವೇ.

ಮರಿ ಹೆದರಿದೆ ಎಂದು ಗೊತ್ತಾಗುವುದು ಹೇಗೆ?

ಕುಂಯ್‌ಗುಟ್ಟಿದರೆ, ಓಡಿಹೋದರೆ ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೆ ಮುಂಚಿನ ಗುರುತುಗಳನ್ನು ಕಲಿಯಬೇಕು. ಒಂದು ಉದಾಹರಣೆ: ಗೇಟಿನ ಬಳಿ ಮರಿಯನ್ನು ಎತ್ತಿಕೊಂಡು ನಿಂತಿದ್ದೀರಿ, ಹೆಲ್ಮೆಟ್ ತೆಗೆಯದೆ ಪಾರ್ಸೆಲ್ ಹುಡುಗ ಹತ್ತಿರ ಬರುತ್ತಾನೆ. ಮರಿ ಮೊದಲು ಬಾಯಿ ಮುಚ್ಚುತ್ತದೆ. ನಾಲಿಗೆಯ ತುದಿ ಮೂಗಿನ ಮೇಲೆ ಒಮ್ಮೆ ಸರಿದು ಒಳಗೆ ಹೋಗುತ್ತದೆ. ಕಿವಿಗಳು ಹಿಂದಕ್ಕೆ ಅಂಟಿಕೊಳ್ಳುತ್ತವೆ, ಮುಖ ಆಚೆ ತಿರುಗಿದರೂ ಕಣ್ಣು ಅವನ ಮೇಲೆಯೇ ಇದ್ದು ಅಂಚಿನ ಬಿಳಿ ಕಾಣುತ್ತದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತದೆ. ಅಂಗೈಯಲ್ಲಿ ಹಿಡಿದ ಕೋಳಿಯ ಚೂರನ್ನು, ಎರಡು ನಿಮಿಷದ ಹಿಂದೆ ಬೆರಳನ್ನೇ ನುಂಗುವಂತಿದ್ದದ್ದು, ಈಗ ಮೂಸಿಯೂ ನೋಡುವುದಿಲ್ಲ. ಇಷ್ಟರಲ್ಲಿ ಹುಡುಗ ಪ್ರೀತಿಯಿಂದಲೇ ತಲೆ ಸವರಲು ಕೈ ಚಾಚುತ್ತಾನೆ, ನೀವು ಸಂಕೋಚಕ್ಕೆ ಬೇಡವೆನ್ನುವುದಿಲ್ಲ.

ಬೇಡ ಎನ್ನಿ. ಎರಡು ಹೆಜ್ಜೆ ಹಿಂದೆ ಸರಿದು ನಿಂತು, ಮರಿ ಮತ್ತೆ ತಿನ್ನುತ್ತದೆಯೇ ನೋಡಿ. ತಿಂದರೆ ಅದೇ ಸರಿಯಾದ ದೂರ. ಅಲ್ಲಿಂದ ಹೆಲ್ಮೆಟ್ ತೆಗೆದು ಮತ್ತೆ ಹಾಕಿಕೊಳ್ಳುವಂತೆ ಹುಡುಗನನ್ನು ಕೇಳಿಕೊಂಡರೆ ಬಹುತೇಕ ಮಂದಿ ನಗುನಗುತ್ತ ಒಪ್ಪುತ್ತಾರೆ. ಮರಿ ತಿನ್ನದಿದ್ದರೆ ಇನ್ನೂ ಹಿಂದೆ ಸರಿಯಿರಿ. ತಿನ್ನುವುದನ್ನು ನಿಲ್ಲಿಸುವುದು ಭಯದ ಅಳತೆಗೋಲುಗಳಲ್ಲೆಲ್ಲ ಸುಲಭವಾದದ್ದು, ಮತ್ತು ಅದಕ್ಕೆ ಯಾವ ತರಬೇತಿಯೂ ಬೇಡ.

ಹೆದರಿದಾಗ ಸಮಾಧಾನ ಮಾಡಿದರೆ ಹೆದರಿಕೆ ಇನ್ನಷ್ಟು ಹೆಚ್ಚುತ್ತದೆಯಂತೆ, ಹೌದೇ?

ಇಲ್ಲ. ಭಯವೆಂಬುದು ಮರಿ ಲಾಭ ನೋಡಿ ಮಾಡುವ ಕೆಲಸವಲ್ಲ, ಬಹುಮಾನದಿಂದ ಅದು ಬೆಳೆಯುವುದಿಲ್ಲ. ಎತ್ತಿಕೊಳ್ಳಿ, ಮೈಮೇಲೆ ಕೈಯಿಡಿ, ಅಲ್ಲಿಂದ ದೂರ ಹೋಗಿ. ಕೆಡುಕಾಗುವುದು ಅದರ ವಿರುದ್ಧದ ಕ್ರಮದಿಂದ: ಧೈರ್ಯ ಬರಲಿ ಎಂದು ಹೆದರಿದ ಮರಿಯನ್ನು ಹೆದರಿಸಿದ್ದರ ಹತ್ತಿರಕ್ಕೇ ಎಳೆದೊಯ್ಯುವುದು, ಮೂತಿಗೆ ಹೊಡೆಯುವುದು, ಗದರುವುದು.

ಕುಕ್ಕರ್ ಸೀಟಿಗೆ ಮಂಚದ ಕೆಳಗೆ ಓಡುತ್ತದೆ. ದೀಪಾವಳಿಗೆ ಏನು ಗತಿ?

ಸದ್ದಿನ ವಿಷಯದಲ್ಲಿ ಕ್ರಮವೇ ಮುಖ್ಯ: ಮೊದಲು ಸದ್ದು, ಅದರ ಬೆನ್ನಿಗೇ ತಿಂಡಿ. ತಿಂಡಿ ಮೊದಲು ಬಂದು ಸದ್ದು ಆಮೇಲೆ ಬಂದರೆ ಮರಿ ತಿಂಡಿಯನ್ನೇ ಅನುಮಾನಿಸತೊಡಗುತ್ತದೆ. ಅಡುಗೆಮನೆಯಿಂದ ಎಲ್ಲಕ್ಕಿಂತ ದೂರದ ಕೋಣೆಯಲ್ಲಿ ಮರಿಯೊಂದಿಗೆ ಕೂತು, ಬಾಗಿಲು ಮುಚ್ಚಿ, ಸೀಟಿ ಹೊಡೆದ ಕೂಡಲೇ ಬೇಯಿಸಿದ ಮೊಟ್ಟೆಯ ಅಥವಾ ಪನೀರಿನ ಸಣ್ಣ ಚೂರೊಂದನ್ನು ಕೊಡಿ. ಸೀಟಿಯಾದಾಗ ಮರಿ ಓಡುವ ಬದಲು ನಿಮ್ಮ ಮುಖ ನೋಡತೊಡಗಿದ ಮೇಲೆ ಬಾಗಿಲು ತೆರೆಯಿರಿ; ಅಲ್ಲಿಂದ ಹಾಲ್, ಹಾಲ್‌ನಿಂದ ಅಡುಗೆಮನೆಯ ಹೊಸ್ತಿಲು. ಬೇಳೆ ಬೇಯುವುದು ನಿತ್ಯದ ಕೆಲಸವಾದ್ದರಿಂದ ಅಭ್ಯಾಸಕ್ಕೆ ಕೊರತೆಯಿಲ್ಲ. ಮಿಕ್ಸಿಗೂ ಇದೇ ಕ್ರಮ, ಆದರೆ ಮಿಕ್ಸಿಯ ಸದ್ದು ನಿರಂತರವಾದ್ದರಿಂದ ಮೊದಲು ಒಂದೆರಡು ಸೆಕೆಂಡು ಮಾತ್ರ ತಿರುಗಿಸಿ.

ಪಟಾಕಿ, ತಮಟೆ, ಗುಡುಗುಗಳಿಗೆ ಮೊಬೈಲಿನಲ್ಲಿ ಧ್ವನಿಮುದ್ರಣ ಹಾಕಿ ಅಭ್ಯಾಸ ಮಾಡಿಸಬಹುದು. ನಾಯಿಯ ಕಿವಿ ನಮಗೆ ಕೇಳದ ಎತ್ತರದ ಸ್ವರಗಳನ್ನೂ ಹಿಡಿಯುತ್ತದೆ. ನಿಮಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ಸದ್ದಿನಿಂದ ಆರಂಭಿಸಿ, ಮರಿ ಊಟ ಮಾಡುವಾಗ ಹಾಕಿ, ದಿನಗಳು ಕಳೆದಂತೆ ಏರಿಸುತ್ತ ಹೋಗಿ. ಗಣೇಶನ ಮೆರವಣಿಗೆಗಳು ನಿಮ್ಮ ರಸ್ತೆಯಲ್ಲಿ ಹಾಯುವುದಾದರೆ ಅದಕ್ಕಿಂತ ಒಂದು ತಿಂಗಳ ಮುಂಚೆ ಇದನ್ನು ಶುರು ಮಾಡಿ. ಧ್ವನಿಮುದ್ರಣಕ್ಕೆ ಬೆಳಕು, ಹೊಗೆಯ ವಾಸನೆ, ನೆಲದ ಅದುರು ಇಲ್ಲವಾದ್ದರಿಂದ ದೀಪಾವಳಿಗೆ ಅದೊಂದೇ ಸಾಲದು. ಆ ಸಂಜೆಗಳಲ್ಲಿ ಕತ್ತಲಾಗುವ ಮೊದಲೇ ಹೊರಗಿನ ಕೆಲಸ ಮುಗಿಸಿ, ಕಿಟಕಿ ಮುಚ್ಚಿ, ಫ್ಯಾನು ಮತ್ತು ಟಿವಿ ಹಾಕಿ, ಮರಿಗೆ ಅಡಗಿಕೊಳ್ಳುವ ಜಾಗ ಬಿಟ್ಟುಕೊಡಿ. ಕೊರಳಿಗೆ ಫೋನ್ ನಂಬರಿನ ಬಿಲ್ಲೆ ಇರಲಿ. ಹೆದರಿ ಓಡಿದ ನಾಯಿಗೆ ದಾರಿ ತಿಳಿಯುವುದಿಲ್ಲ. ಹಿಂದಿನ ವರ್ಷ ತೀರ ನಡುಗಿದ ನಾಯಿಯಾದರೆ ಹಬ್ಬಕ್ಕೆ ಕೆಲವು ವಾರ ಮೊದಲೇ ಪಶುವೈದ್ಯರನ್ನು ಕಂಡು ಔಷಧಿಯ ಬಗ್ಗೆ ಮಾತನಾಡಿ. ಮನುಷ್ಯರ ನಿದ್ದೆಮಾತ್ರೆಯನ್ನು ಒಡೆದು ಹಾಕುವ ಸಾಹಸ ಬೇಡ.

ಮಕ್ಕಳೊಂದಿಗೆ ಹೇಗೆ ಬಿಡಬೇಕು?

ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಮರಿ ತಾನಾಗಿ ಹತ್ತಿರ ಬರಲಿ. ಎತ್ತಿಕೊಂಡು ಓಡಾಡಬಾರದು, ತಿನ್ನುವಾಗ ಮತ್ತು ಮಲಗಿರುವಾಗ ಮುಟ್ಟಬಾರದು ಎಂಬ ಎರಡು ನಿಯಮಗಳನ್ನು ಮರಿ ಬರುವ ಮೊದಲೇ ಮಕ್ಕಳಿಗೆ ಹೇಳಿರಬೇಕು. ಐದು ವರ್ಷದೊಳಗಿನ ಮಗುವನ್ನು ಮತ್ತು ಮರಿಯನ್ನು, ಅವರಿಬ್ಬರೂ ಎಷ್ಟೇ ಒಳ್ಳೆಯವರಾಗಿರಲಿ, ದೊಡ್ಡವರಿಲ್ಲದೆ ಒಂದೇ ಕೋಣೆಯಲ್ಲಿ ಬಿಡಬೇಡಿ.

ಆಟದಲ್ಲಿ ಕಚ್ಚಿ ಗಾಯ ಮಾಡುತ್ತಿದೆ. ಇದೂ ರೂಢಿಯ ಭಾಗವೇ?

ಹೌದು. ಹಲ್ಲು ತಾಗಿದ ಕ್ಷಣವೇ ಆಟ ನಿಲ್ಲಿಸಿ, ಎದ್ದು ಆಚೆ ಹೋಗಿ, ಅರ್ಧ ನಿಮಿಷದ ನಂತರ ಅಗಿಯುವ ಆಟಿಕೆಯೊಂದಿಗೆ ಮತ್ತೆ ಬನ್ನಿ. ಹಾಲುಹಲ್ಲುಗಳು ನಾಲ್ಕರಿಂದ ಆರು ತಿಂಗಳೊಳಗೆ ಬಿದ್ದು ಹೊಸ ಹಲ್ಲು ಬರುವ ಹೊತ್ತಿಗೆ ಈ ಪಾಠ ಮುಗಿದಿರಬೇಕು. ಇಲ್ಲಿ ಒಂದು ಗಂಭೀರ ಮಾತನ್ನು ಸೇರಿಸಬೇಕಾಗಿದೆ. ಬೀದಿಯಿಂದ ತಂದ, ಲಸಿಕೆಯಾಗದ ಮರಿಯ ಹಲ್ಲು ಚರ್ಮ ಸೀಳಿದರೆ, ಮರಿ ಎಷ್ಟೇ ಚಿಕ್ಕದಿರಲಿ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ರೇಬೀಸ್ ಮರಿಗಳಿಗೂ ಬರುತ್ತದೆ.

ಬೀದಿನಾಯಿಗಳನ್ನು ಪರಿಚಯ ಮಾಡಿಸಬೇಕೇ?

ಲಸಿಕೆ ಮುಗಿಯುವವರೆಗೆ ನೋಡುವುದಷ್ಟೇ ಸಾಕು, ಅದೂ ನಿಮ್ಮ ತೋಳಿನಿಂದ ಅಥವಾ ಬಾಲ್ಕನಿಯಿಂದ. ಮುಗಿದ ಮೇಲೂ ಗುಂಪಿನ ನಡುವೆ ಇಳಿಸಬೇಡಿ. ನಿಮ್ಮ ಬೀದಿಯ ನಾಯಿಗಳಲ್ಲಿ ಶಾಂತವಾದ, ಲಸಿಕೆ ಮತ್ತು ಸಂತಾನಹರಣ ಚಿಕಿತ್ಸೆ ಆದ ಒಂದು ನಾಯಿ ಇದ್ದೇ ಇರುತ್ತದೆ. ಅವುಗಳಿಗೆ ಅನ್ನ ಹಾಕುವವರನ್ನು ಕೇಳಿದರೆ ಅದರ ಹೆಸರು ಸಮೇತ ಹೇಳುತ್ತಾರೆ. ಮೊದಲ ಪರಿಚಯ ಅದರೊಡನೆ ಆಗಲಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ ಬೀಳುತ್ತದೆ. ಅದಕ್ಕೆ ಮುಂಚೆ ನಿಮ್ಮ ಮರಿಗೆ ಯಾವುದಾದರೂ ನಾಯಿ ಕಚ್ಚಿದರೆ ಕಾಯದೆ ಪಶುವೈದ್ಯರ ಬಳಿಗೆ ಒಯ್ಯಿರಿ.

ನಮಗೆ ಬೇಕಾದದ್ದು ಕಾವಲು ನಾಯಿ. ಹೀಗೆಲ್ಲ ಮಾಡಿದರೆ ಮೆತ್ತಗಾಗುವುದಿಲ್ಲವೇ?

ಜನರ ಮುಖ ತೋರಿಸದೆ ಕಟ್ಟಿಹಾಕಿ ಬೆಳೆಸಿದರೆ ನಾಯಿ ಜೋರಾಗುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲೂ ನಗರದ ದೊಡ್ಡ ಬಂಗಲೆಗಳಲ್ಲೂ ಒಂದೇ ಸಮನಾಗಿದೆ. ಅಂಥ ನಾಯಿ ಜೋರಾಗಿರುವುದು ನಿಜ. ಆದರೆ ಅದು ಕಾವಲಿನ ಜೋರಲ್ಲ, ಭಯದ್ದು. ಅದಕ್ಕೆ ಕಳ್ಳನೂ ಒಂದೇ, ಹಾಲಿನವನೂ ಒಂದೇ, ರಜೆಗೆ ಬಂದ ಮೊಮ್ಮಗನೂ ಒಂದೇ. ಹಗಲಿಡೀ ಎಲ್ಲದಕ್ಕೂ ಬೊಗಳುವ ನಾಯಿಯ ಬೊಗಳುವಿಕೆಗೆ ಮನೆಯವರೇ ರಾತ್ರಿ ಎದ್ದು ನೋಡುವುದಿಲ್ಲ. ನಿತ್ಯ ಬರುವವರು ಯಾರು, ನಿತ್ಯದ ಸದ್ದು ಯಾವುದು ಎಂಬುದನ್ನು ತಿಳಿದ ನಾಯಿಗೇ ಅಪರೂಪದ್ದು ಯಾವುದೆಂದು ಗೊತ್ತಾಗುವುದು. ಪೊಲೀಸ್ ಮತ್ತು ಸೇನೆಯ ನಾಯಿಗಳು ಜನಜಂಗುಳಿಯಲ್ಲಿ ತಣ್ಣಗೆ ಕೆಲಸ ಮಾಡಬೇಕಾದ್ದರಿಂದ ಅವುಗಳಿಗೂ ಮರಿಯಿದ್ದಾಗಲೇ ಸದ್ದು ಮತ್ತು ಜನರ ರೂಢಿ ಬೇಕಾಗುತ್ತದೆ.

ನಮ್ಮ ಮುಧೋಳ ನಾಯಿಯ ಬಗ್ಗೆ ಇಲ್ಲಿ ಹೇಳುವುದು ಯುಕ್ತ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದ್ದು, 2016ರಲ್ಲಿ ಸೇನೆಯು ಈ ತಳಿಯ ಮರಿಗಳನ್ನು ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗಾಗಿ ಕರೆಸಿಕೊಂಡ ಮೇಲೆ ನಗರಗಳಲ್ಲಿಯೂ ಇದಕ್ಕೆ ಬೇಡಿಕೆ ಬಂದಿದೆ. ಇದು ಕಣ್ಣಳತೆಯಲ್ಲಿ ಬೇಟೆಯಾಡುವ, ಹೊರಗಿನವರ ಸ್ಪರ್ಶವನ್ನು ಸುಲಭವಾಗಿ ಸಹಿಸದ ತಳಿ. ಆ ಸ್ವಭಾವವನ್ನು ಅಳಿಸಲು ಆಗುವುದಿಲ್ಲ, ಅಳಿಸಬೇಕಾಗಿಯೂ ಇಲ್ಲ. ಹೊರಗಿನವರು ಮುಟ್ಟದೆ ಇರುವವರೆಗೆ ಅವರ ಇರವನ್ನು ಸಹಿಸುವಂತೆ ಮಾಡಿದರೆ ಸಾಕು. ಓಡುವ ಬೆಕ್ಕು, ಕೋಳಿಗಳ ರೂಢಿಯನ್ನು ಮಾತ್ರ ಇದಕ್ಕೆ ಬೇರೆ ಮರಿಗಳಿಗಿಂತ ಮುಂಚೆ ಆರಂಭಿಸಿ.

ಮಲೆನಾಡಿನವರಿಗೆ ಒಂದು ಮಾತು: ಚಿರತೆಯ ಭಯದಿಂದ ರಾತ್ರಿ ಗೂಡಿಗೆ ಹಾಕುವುದು ಸರಿಯೇ. ಗೂಡಿಗೆ ಹೋಗುವುದನ್ನು ಹಗಲಿನಲ್ಲಿ, ಬಾಗಿಲು ತೆರೆದಿಟ್ಟು, ಅಲ್ಲಿಯೇ ಊಟ ಹಾಕಿ ಕಲಿಸಿ.

ಉಗುರು ಕತ್ತರಿಸಲು, ಕಿವಿ ನೋಡಲು ಬಿಡುವುದಿಲ್ಲ.

ಮುಟ್ಟಿಸಿಕೊಳ್ಳುವುದೂ ಕಲಿಯಬೇಕಾದ ವಿಷಯ. ದಿನಕ್ಕೊಮ್ಮೆ ಒಂದು ಪಾದ ಹಿಡಿದು, ಬೆರಳುಗಳ ನಡುವೆ ನೋಡಿ, ತಿಂಡಿ ಕೊಟ್ಟು ಬಿಟ್ಟುಬಿಡಿ. ಮರುದಿನ ಕಿವಿ, ಅದರ ಮರುದಿನ ತುಟಿಯೆತ್ತಿ ಹಲ್ಲು. ರಕ್ತ ಹೀರುವ ಉಣ್ಣೆಹುಳು ಸಿಕ್ಕುವ ಜಾಗಗಳೂ ಇವೇ ಆದ್ದರಿಂದ ನಿಮ್ಮ ಶ್ರಮ ಎರಡು ಬಗೆಯಲ್ಲಿ ಸಾರ್ಥಕ. ಚುಚ್ಚುಮದ್ದು ಇಲ್ಲದ ದಿನವೂ ಒಮ್ಮೆ ಆಸ್ಪತ್ರೆಗೆ ಹೋಗಿ, ತೂಕ ನೋಡಿಸಿ, ತಿಂಡಿ ತಿನ್ನಿಸಿ ವಾಪಸು ಬನ್ನಿ.

ಒಂದು ನಿಮಿಷ ಬಿಟ್ಟರೂ ಅಳುತ್ತದೆ. ಕೆಲಸಕ್ಕೆ ಹೋಗುವುದು ಹೇಗೆ?

ಒಂಟಿಯಾಗಿರುವುದನ್ನೂ ಇದೇ ವಯಸ್ಸಿನಲ್ಲಿ ಕಲಿಸಬೇಕು. ರಜೆ ಹಾಕಿ ಎರಡು ವಾರ ಮರಿಯನ್ನು ಮಡಿಲಿನಿಂದ ಇಳಿಸದೆ, ಮೂರನೆಯ ವಾರದ ಸೋಮವಾರ ಎಂಟು ಗಂಟೆ ಬೀಗ ಹಾಕಿ ಹೋಗುವುದು ಮರಿಗೆ ಅನ್ಯಾಯ. ಮನೆಯಲ್ಲಿ ನೀವಿರುವಾಗಲೇ ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಕೆಲವೇ ಕ್ಷಣಗಳಲ್ಲಿ ತೆರೆಯುವುದರಿಂದ ಆರಂಭಿಸಿ, ಅಳು ಹುಟ್ಟುವ ಮುಂಚೆಯೇ ಮರಳಿ ಬರುತ್ತ ಅವಧಿಯನ್ನು ಹೆಚ್ಚಿಸಿ.

ಅಪಾರ್ಟ್‌ಮೆಂಟಿನಲ್ಲಿ ಲಿಫ್ಟಿಗೆ ಬಿಡುವುದಿಲ್ಲ ಎನ್ನುತ್ತಾರೆ.

ಸಾಕುಪ್ರಾಣಿಗಳಿಗೆ ಲಿಫ್ಟ್ ನಿರಾಕರಿಸುವುದು ಸಲ್ಲದೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಹಕ್ಕಿನ ಮಾತು ಹಾಗಿರಲಿ, ನೆರೆಯವರಲ್ಲಿ ನಾಯಿಗೆ ನಿಜವಾಗಿಯೂ ಹೆದರುವವರಿರುತ್ತಾರೆ. ಅವರು ಒಳಗಿದ್ದರೆ ಮುಂದಿನ ಲಿಫ್ಟಿಗೆ ಕಾಯಿರಿ, ಮರಿಯನ್ನು ಮೂಲೆಗೆ ಮುಖ ಮಾಡಿ ನಿಮ್ಮ ಕಾಲಿನ ಹಿಂದೆ ಕೂರಿಸುವುದನ್ನು ಅಭ್ಯಾಸ ಮಾಡಿಸಿ.

ನಾವು ತಂದಾಗಲೇ ಐದು ತಿಂಗಳಾಗಿತ್ತು. ಈಗ ಪ್ರಯೋಜನವಿದೆಯೇ?

ಇದೆ, ಆದರೆ ಕೆಲಸ ಬೇರೆ. ಚಿಕ್ಕ ಮರಿಗೆ ಪರಿಚಯ ಮಾಡಿಸಿದರೆ ಸಾಕು. ಬೆಳೆದ ಮರಿಯಲ್ಲಿ ಆಗಲೇ ಬೇರೂರಿದ ಭಯವನ್ನು ಮೊದಲು ಕರಗಿಸಬೇಕು. ಮೇಲೆ ಹೇಳಿದ ದೂರ ಮತ್ತು ತಿಂಡಿಯ ಕ್ರಮವೇ ಇಲ್ಲಿಯೂ ಸರಿ, ವಾರಗಳ ಬದಲು ತಿಂಗಳುಗಳು ಹಿಡಿಯುತ್ತವೆ. ಬೀದಿಯಲ್ಲಿ ಹುಟ್ಟಿ ಬೆಳೆದ ಮರಿಗಳಿಗೆ ವಾಹನ, ನಾಯಿಗಳ ರೂಢಿ ಇರುತ್ತದೆ; ಅವು ತಬ್ಬಿಬ್ಬಾಗುವುದು ಮೆಟ್ಟಿಲು, ಟಿವಿ, ಮುಚ್ಚಿದ ಬಾಗಿಲುಗಳಿಗೆ.

ಚೆನ್ನಾಗಿ ಬೆಳೆದ ಮರಿಯೂ ಆರು ತಿಂಗಳು ದಾಟಿದ ಮೇಲೆ, ಹರೆಯದಲ್ಲಿ, ನಿನ್ನೆ ಮೂಸಿದ್ದ ಹೂಕುಂಡವನ್ನು ಇಂದು ಕಂಡು ಗುರುಗುಟ್ಟುವುದುಂಟು. ಅದು ಕೆಲವು ವಾರಗಳಲ್ಲಿ ತಾನಾಗಿ ಕಳೆಯುತ್ತದೆ. ಅಲ್ಲಿಯವರೆಗೆ ಒತ್ತಾಯಿಸದೆ ಸುತ್ತು ಹಾಕಿಕೊಂಡು ಹೋಗಿ. ಆದರೆ ಮನೆಯವರನ್ನೇ ಕಚ್ಚಲು ಬರುವ, ದಿನವಿಡೀ ಅಡಗಿರುವ, ಊಟ ಬಿಡುವ ಮರಿಯ ವಿಷಯದಲ್ಲಿ ಕಾಯಬೇಡಿ. ನೋವು, ಉಣ್ಣೆ ಜ್ವರದಂಥ ಕಾಯಿಲೆಗಳೂ ಹೀಗೆಯೇ ಕಾಣಿಸಿಕೊಳ್ಳುತ್ತವೆಯಾದ್ದರಿಂದ ಮೊದಲು ಪಶುವೈದ್ಯರಿಗೆ ತೋರಿಸಿ, ಆಮೇಲೆ ತರಬೇತುದಾರರನ್ನು ಹುಡುಕಿ. ಎಳೆದರೆ ಕತ್ತು ಬಿಗಿಯುವ ಚೋಕ್ ಚೈನ್ ಎಳೆದು ತೋರಿಸಿ ಒಂದೇ ವಾರದಲ್ಲಿ ಸರಿಮಾಡುತ್ತೇನೆ ಎನ್ನುವವರಿಗೆ ಮುಂಗಡ ಕೊಡಬೇಡಿ.